ಗಣಿಕೆ ಹಣ್ಣಿನ ಗೊಜ್ಜು

ಹೊಳೆಯ ದಂಡೆಯ ಆಶ್ರಮದಲ್ಲಿ ಮರುಳಯ್ಯನವರೆಂಬ ಗುರುಗಳಿದ್ದರು. ಅವರಿಗೆ ಸೋಮಲಿಂಗನೆಂಬ ಶಿಷ್ಯ.

ಸೋಮಲಿಂಗನಿಗೆ ಮೋಕ್ಷ ಬೇಡವಾಗಿತ್ತು ಎಂದಲ್ಲ. ಅದಕ್ಕಿಂತ ಮೊದಲು ಅಡುಗೆಮನೆಯ ಸೌಟು ಬೇಕಾಗಿತ್ತು. ಸೌಟು ಎಂದರೆ ಬರೀ ಸೌಟಲ್ಲ. ಅದು ಯಾರ ಕೈಯಲ್ಲಿದೆಯೋ ಆ ಆಶ್ರಮದಲ್ಲಿ ಅವರು ಹೇಳಿದ್ದೇ ಅಡುಗೆ.

ಬೇಲಿಯಲ್ಲಿ ಗಣಿಕೆ ಬೆಳೆದಿತ್ತು. ಬಿಳಿ ಹೂವಿನ ಪುಟ್ಟ ಗಿಡ, ಕಾಯಿ ಬಿಡುವುದು ಗೊಂಚಲಾಗಿ. ಕಪ್ಪಗೆ ಹಣ್ಣಾದರೆ ತಿನ್ನಬಹುದು, ಹಸಿರು ಕಾಯಿ ತಿಂದರೆ ಹೊಟ್ಟೆ ಕೆಡುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸೋಮಲಿಂಗ ಇದನ್ನು ಯಾರನ್ನೂ ಕೇಳಲಿಲ್ಲ. ಅವನು ಕೇಳಿದ್ದು ಬೇರೆ.

“ಇದನ್ನು ಯಾರು ನೆಟ್ಟದ್ದು, ಬುದ್ಧೀ?”

“ಹಕ್ಕಿ. ತಿನ್ನುತ್ತೆ, ಬೇಲಿ ಮೇಲೆ ಕೂರುತ್ತೆ, ಹಿಂದಿನಿಂದ ಬಿತ್ತುತ್ತೆ.”

ಹಕ್ಕಿಗೆ ಆಗುವುದು ಮನುಷ್ಯನಿಗೂ ಆದೀತು ಎಂದುಕೊಂಡ ಸೋಮಲಿಂಗ. ಭಕ್ತರು ಬರುವ ದಿನ ಬೇಲಿಯಲ್ಲಿ ದುಂಡಗೆ ಕಂಡದ್ದನ್ನೆಲ್ಲ ಕಿತ್ತು ಗೊಜ್ಜು ಮಾಡಿದ. ಇದು ಮೆಚ್ಚುಗೆಯಾದರೆ ಸೌಟು ಅವನದೇ.

ಎಲೆ ಹಾಕಿತ್ತು. ಭಕ್ತರು ಕೂತಿದ್ದರು. ಗುರುಗಳು ಮಡಕೆಯೊಳಗೆ ಇಣುಕಿದರು.

“ಏನೋ ಇದು?”

“ಗಣಿಕೆ ಹಣ್ಣಿನ ಗೊಜ್ಜು, ಬುದ್ಧೀ.”

“ಗಣಿಕೆಯೇನಾ?”

“ತಾಯಾಣೆಗೂ!”

“ಈ ಹಸಿರಾಗಿರೋದು?”

“ಅದೂ ಗಣಿಕೆಯೇ. ನಾಳೆ ಕಪ್ಪಾಗುತ್ತೆ.”

“ಮಡಕೆಯೊಳಗೆ?”

ಸೋಮಲಿಂಗ ಕೆಮ್ಮಿದ.

“ಈ ದಪ್ಪನೆಯದು?”

“ಅದು... ಗಣಿಕೆಯ ದೊಡ್ಡಪ್ಪ ಇರಬೇಕು, ಬುದ್ಧೀ.”

ಗುರುಗಳು ಅವನನ್ನು ಕೂರಿಸಿ, ಅವನ ಎಲೆಗೆ ಒಂದು ಸೌಟು ತುಂಬ ಬಡಿಸಿದರು.

“ಉಣ್ಣು.”

ಸೋಮಲಿಂಗ ಗೊಜ್ಜನ್ನು ನೋಡಿದ. ಗೊಜ್ಜು ಅವನನ್ನೇ ನೋಡಿದಂತಾಯಿತು.

“ಇವತ್ತು ಸೋಮವಾರ, ಬುದ್ಧೀ. ಉಪವಾಸ.”

“ಬುಧವಾರ.”

“ಹಾಗಾದರೆ ಹಸಿವಿಲ್ಲ.”

“ಸರಿ, ಹಸಿದವರಿಗೆ ಬಡಿಸೋಣ.” ಗುರುಗಳು ಸೌಟು ಹಿಡಿದು ಭಕ್ತರ ಕಡೆ ತಿರುಗಿದರು.

“ಬೇಡ ಬುದ್ಧೀ!” ಸೋಮಲಿಂಗ ಮಡಕೆಯನ್ನೇ ತಬ್ಬಿಕೊಂಡ. “ನನಗೆ ಗೊತ್ತಿಲ್ಲ! ಅದು ಏನೋ ನನಗೆ ನಿಜವಾಗಿಯೂ ಗೊತ್ತಿಲ್ಲ!”

ಅಂದು ಎಲ್ಲರೂ ಮಜ್ಜಿಗೆ ಅನ್ನ ಉಂಡರು. ಗೊಜ್ಜನ್ನು ಹಸು ಮೂಸದಂತೆ ಗುಂಡಿ ತೋಡಿ ಹೂತರು.

ಮರುದಿನದಿಂದ ಗುರು ಶಿಷ್ಯರು ಬೇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಎಲೆ ನೋಡಿದರು, ಹೂ ನೋಡಿದರು, ಗೊಂಚಲು ನೋಡಿದರು.

“ಗೊತ್ತಿಲ್ಲದ್ದನ್ನು ನಾಲಿಗೆಯಿಂದ ಕೇಳಬೇಡ, ಕಣ್ಣಿಂದ ಕೇಳು,” ಎಂದರು ಗುರುಗಳು. “ಕಣ್ಣಿಗೂ ತಿಳಿಯದಿದ್ದರೆ ನನ್ನನ್ನು ಕೇಳು. ನನಗೂ ತಿಳಿಯದಿದ್ದರೆ ಬಿಟ್ಟುಬಿಡು.”

ಕಾಯಿ ಕಪ್ಪಾಗುವವರೆಗೆ ಸೋಮಲಿಂಗ ಕಾದ. ಒಂದು ಬೆಳಿಗ್ಗೆ ಬಟ್ಟಲು ತುಂಬ ಹಣ್ಣು ತಂದ. ಒಂದೂ ಹಸಿರಿಲ್ಲ, ದೊಡ್ಡಪ್ಪನೂ ಇಲ್ಲ. ಗುರುಗಳು ಒಂದೊಂದನ್ನೂ ನೋಡಿ ತಲೆದೂಗಿ, ಕೈ ಚಾಚಿದರು.

“ತಡೀರಿ ಬುದ್ಧೀ. ಬಡಿಸೋನು ಮೊದಲು ತಿನ್ನಬೇಕು. ನೀವೇ ಕಲಿಸಿದ್ದು.”

ಒಂದು ತಿಂದ. ಸಿಹಿಯಾಗಿತ್ತು.

“ಈಗ ಕೊಡು.”

“ಇದು ಬೇರೆ ಗಿಡದ್ದು, ಬುದ್ಧೀ.” ಅದನ್ನೂ ತಿಂದ. “ಇದು ಬೇಲಿಯ ಆ ತುದಿಯದು.” ಅದೂ ಹೋಯಿತು.

ಬಟ್ಟಲು ಬರಿದಾಯಿತು. ಸೋಮಲಿಂಗ ಬಾಯಿ ಒರೆಸಿಕೊಂಡ.

“ಎಲ್ಲಾ ಗಣಿಕೆಯೇ, ಬುದ್ಧೀ. ಅನುಮಾನವೇ ಇಲ್ಲ.”

ಗುರುಗಳು ಬಟ್ಟಲನ್ನು ನೋಡಿದರು. ಎದ್ದು ಒಳಗೆ ಹೋಗಿ ಸೌಟು ತಂದು ಅವನ ಕೈಗಿಟ್ಟರು.

“ಮುಂದಿನ ಬೆಳೆಯಾದರೂ ನಮಗೆ ಸಿಗಬೇಕಲ್ಲ, ಮಗಾ,” ಎಂದರು. “ನಾಳೆ ಬೆಳಿಗ್ಗೆ ಚೊಂಬು ತಗೊಂಡು ಹೊಳೆ ಕಡೆ ಹೋಗಬೇಡ. ಬೇಲಿ ಕಡೆಗೇ ಹೋಗು.”