ಅಳತೆ ತಗೊಳ್ಳದೆ ಹೊಲಿದ ಚಪ್ಪಲಿ

ಮರುಳಜ್ಜನ ಆಶ್ರಮದಲ್ಲಿ ಜಪದ ಸದ್ದಿಗಿಂತ ಸುತ್ತಿಗೆಯ ಸದ್ದೇ ಜಾಸ್ತಿ. ಹೊಳೆ ದಾಟಿ ಗುಡ್ಡ ಹತ್ತುವ ಯಾತ್ರಿಕರಿಗೆ ಅಲ್ಲಿ ಚಪ್ಪಲಿ ಹೊಲಿದು ಮಾರುತ್ತಿದ್ದರು. ಚಪ್ಪಲಿ ಖರ್ಚಾದರೆ ಒಲೆ ಉರಿಯುತ್ತಿತ್ತು, ಇಲ್ಲವಾದರೆ ಎಲ್ಲರಿಗೂ ಏಕಾದಶಿ.

ಹೊಲಿಯುವ ಶಿಷ್ಯರು ಇಬ್ಬರು, ದ್ಯಾವಪ್ಪ ಮತ್ತು ಕೊಟ್ರೇಶಿ. ದ್ಯಾವಪ್ಪನ ಹೊಲಿಗೆ ಅಂದರೆ ಹೊಲಿಗೆ, ಮುತ್ತು ಪೋಣಿಸಿದ ಹಾಗೆ. ಕೊಟ್ರೇಶಿಯದು ಅಡ್ಡಾದಿಡ್ಡಿ. ಆದರೂ ಜನ ಮುಗಿಬೀಳುತ್ತಿದ್ದದ್ದು ಕೊಟ್ರೇಶಿಯ ಮುಂದೆ. ಅದನ್ನು ನೋಡಿ ನೋಡಿ ದ್ಯಾವಪ್ಪನಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು.

ಅದರ ಮೇಲೆ ಅಜ್ಜನ ಕೈ ನಡುಗತೊಡಗಿತ್ತು. "ಈ ಯಾತ್ರೆ ಮುಗೀಲಿ. ನನ್ನ ಮಣೆ ಮೇಲೆ ನಿಮ್ಮಿಬ್ಬರಲ್ಲಿ ಒಬ್ಬನನ್ನ ಕೂರಿಸ್ತೀನಿ," ಅಂದಿದ್ದ. ಆ ಮಣೆ ಮೇಲೆ ಕೊಟ್ರೇಶಿ ಕೂರುವುದನ್ನು ನೆನೆದರೆ ದ್ಯಾವಪ್ಪನ ಸುತ್ತಿಗೆ ಇನ್ನಷ್ಟು ಜೋರಾಗಿ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜನ ಹತ್ತಿರ ಹೋದ.

"ಅಜ್ಜ, ಅವನಿಗೆ ಮರದ ನೆರಳಿದೆ. ನಾನು ಬಿಸಿಲಲ್ಲಿ ಕೂತಿದೀನಿ. ಜನ ನೆರಳಿಗೆ ಹೋಗ್ತಾರೆ, ಅಷ್ಟೇ."

"ಜಾಗ ಬದಲಾಯಿಸ್ಕೊಳ್ಳಿ," ಅಂದ ಅಜ್ಜ.

ಬದಲಾಯಿಸಿಕೊಂಡರು. ಜನ ನೆರಳಲ್ಲಿ ನಿಂತು ಬೆವರು ಒರೆಸಿಕೊಂಡು, ಬಿಸಿಲಲ್ಲಿದ್ದ ಕೊಟ್ರೇಶಿಯ ಹತ್ತಿರವೇ ಹೋದರು.

ದ್ಯಾವಪ್ಪ ಮತ್ತೆ ಓಡಿದ.

"ಅಜ್ಜ, ಅವನು ಗಿರಾಕಿಗಳನ್ನ ವಾಪಸ್ ಕಳಿಸ್ತಿದ್ದಾನೆ! ಒಬ್ಬ ಮುದುಕಿ ಹೊಸಾದು ಕೇಳ್ಕೊಂಡು ಬಂದ್ರೆ, 'ಅವ್ವಾ, ನಿನ್ನ ಹಳೇದೇ ಕಾಲಿಗೆ ಒಗ್ಗಿದೆ, ಹೊಸಾದು ಗುಡ್ಡದಲ್ಲಿ ಕಚ್ಚುತ್ತೆ' ಅಂತ ಹಳೇ ಬಾರನ್ನೇ ಹೊಲಿದು ಕಳಿಸಿದ."

"ಆಮೇಲೆ?"

"ಆಮೇಲೆ... ಮಕ್ಕಳು, ಸೊಸೆಯಂದಿರು, ನೆಂಟರು ಎಲ್ಲರನ್ನೂ ಕರ್ಕೊಂಡು ಬಂದು ಅವನ ಹತ್ರಾನೇ ಕೊಡಿಸಿದ್ಲು."

ಅಜ್ಜ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಸರಿ, ತಾನೂ ಅವನ ಹಾಗೇ ಮಾಡೋಣ ಅಂದುಕೊಂಡ ದ್ಯಾವಪ್ಪ. ಕೊಟ್ರೇಶಿ ಗಿರಾಕಿಯ ಕಾಲು ತೊಳೆದರೆ ಇವನೂ ತೊಳೆದ. ಅವನು "ಯಾವೂರಪ್ಪಾ? ಎಲ್ಲಿ ನೋಯ್ತದೆ?" ಅಂದರೆ ಇವನೂ ಅಂದ. ಆದರೆ ಕೈ ಗಿರಾಕಿಯ ಕಾಲ ಮೇಲೆ, ಕಣ್ಣು ಕೊಟ್ರೇಶಿಯ ಮೇಲೆ. ಉತ್ತರ ಕೇಳಿಸಿಕೊಂಡರೆ ತಾನೆ!

ಮಧ್ಯಾಹ್ನ ಒಬ್ಬ ಕುಂಟುತ್ತಾ ಗುಡ್ಡ ಇಳಿದು ಬಂದ. ಕೊಂಡುಹೋಗಿದ್ದ ಚಪ್ಪಲಿಯನ್ನು ದ್ಯಾವಪ್ಪನ ಮುಂದೆ ಎಸೆದ.

"ಕಿರುಬೆರಳು ನೋಯ್ತದೆ ಅಂತ ಬಡ್ಕೊಂಡೆ. ನೀನು ಹೂಂ ಹೂಂ ಅಂದೆ. ಈಗ ಬೊಬ್ಬೆ ಎದ್ದಿದೆ ನೋಡು!"

ಬೈದವನೇ ಹೋಗಿ ಕೊಟ್ರೇಶಿಯ ಮುಂದೆ ಕೂತ. ಕೊಟ್ರೇಶಿ ಬೊಬ್ಬೆಗೆ ಎಣ್ಣೆ ಹಚ್ಚಿದ. ಬಿದ್ದಿದ್ದ ಚಪ್ಪಲಿಯನ್ನು ಎತ್ತಿಕೊಂಡು ಬಂದ.

"ದ್ಯಾವಣ್ಣನ ಹೊಲಿಗೆ ಬಲು ಗಟ್ಟಿ. ಬೇರೆ ಯಾಕೆ ಕೊಳ್ತೀಯ? ಇದನ್ನೇ ಒಂಚೂರು ಸಡಿಲ ಮಾಡ್ಕೊಡ್ತೀನಿ."

ಕೊಟ್ರೇಶಿ ಬೈದಿದ್ದರೆ ದ್ಯಾವಪ್ಪ ತಡೆದುಕೊಳ್ಳುತ್ತಿದ್ದ. ಈ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಉಳಿ ಬಿಸಾಕಿ ಎದ್ದ.

"ಅಜ್ಜ, ನನ್ನ ಕೈಲಾಗಲ್ಲ. ಅವನ ಮುಖ ಕಂಡ್ರೆ ಮೈಯೆಲ್ಲ ಉರಿಯುತ್ತೆ. ಒಂದೋ ಅವನಿರಲಿ, ಇಲ್ಲಾ ನಾನಿರಲಿ."

"ಆಗಲಿ. ಮಣೆ ನಿನಗೇ. ಅವನು ನಾಳೆ ಹೊರಡಲಿ."

ದ್ಯಾವಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ದೂರದ ದಾರಿ. ಅವನಿಗೊಂದು ಜೊತೆ ಹೊಲಿದುಕೊಡು," ಅಂದ ಅಜ್ಜ. "ಅಳತೆ ಮಾತ್ರ ತಗೊಳ್ಳಬೇಡ."

ಅಳತೆ ಯಾಕೆ ಬೇಕು? ಹಗಲೆಲ್ಲ ನೋಡಿದ ಕಾಲು. ಕೊಟ್ರೇಶಿ ಬಲಗಾಲು ಎಳೆದು ನಡೆಯುತ್ತಾನೆ, ಅಲ್ಲಿ ಹಿಮ್ಮಡಿಗೆ ಇನ್ನೊಂದು ಪದರ ಕೊಟ್ಟ. ಎತ್ತು ತುಳಿದು ಹೆಬ್ಬೆರಳು ಸೊಟ್ಟಗಾಗಿದೆ, ಅದು ತೂರುವ ಉಂಗುರ ಸಡಿಲ ಬಿಟ್ಟ. ಎಡಗಾಲ ಗಂಟಿಗೆ ಬಾರು ಉಜ್ಜಿ ಉಜ್ಜಿ ಕಪ್ಪು ಕಲೆ ಬಿದ್ದಿದೆ, ಆ ಬಾರಿಗೆ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದ. ಇವನು ತೊಲಗಿದರೆ ಸಾಕು ಅಂತಲೇ ಹೊಲಿದ, ಆದರೆ ಕೈ ಎಲ್ಲೂ ತಪ್ಪಲಿಲ್ಲ.

ಮಾರನೆಯ ಬೆಳಿಗ್ಗೆ ಕೊಟ್ರೇಶಿ ಗಂಟು ಹಿಡಿದು ಅಂಗಳದಲ್ಲಿ ನಿಂತ. ಯಾಕೆ ಹೋಗಬೇಕು ಅಂತ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದವನು ಅಲ್ಲೇ ನಿಂತುಬಿಟ್ಟ. ಕಣ್ಣಲ್ಲಿ ನೀರಾಡಿತು.

"ದ್ಯಾವಣ್ಣ, ಈ ಹೆಬ್ಬೆರಳು ನೋಯ್ತದೆ ಅಂತ ನಾನು ಯಾರಿಗೂ ಬಾಯಿಬಿಟ್ಟಿಲ್ಲ. ಹೆತ್ತವ್ವನೂ ಇಷ್ಟು ನೋಡಿರಲಿಲ್ಲ. ನಿನಗೆ ಹೆಂಗೆ ಗೊತ್ತಾಯ್ತು?"

ದ್ಯಾವಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನುವಷ್ಟು ನಾಚಿಕೆಯಾಯಿತು.

ಅಜ್ಜ ಕೇಳಿದ, "ನಿನ್ನೆ ಬೊಬ್ಬೆ ಎದ್ದೋನು ಬಂದಿದ್ನಲ್ಲ, ಅವನಿಗೆ ನೋಯ್ತಿದ್ದದ್ದು ಯಾವ ಕಾಲು?"

"ಗೊತ್ತಿಲ್ಲ, ಅಜ್ಜ."

"ಅವನಿಗಿಂತ ಮುಂಚೆ ನಿನ್ನ ಹತ್ರ ಕೊಂಡೋರು? ಗಂಡಸೋ, ಹೆಂಗಸೋ?"

"ಅದೂ ಗೊತ್ತಿಲ್ಲ."

"ಇಡೀ ಯಾತ್ರೇಲಿ ನೀನು ನೋಡಿದ್ದು ಒಬ್ಬನದೇ ಕಾಲು. ಅವನನ್ನೂ ಕಳಿಸಿಬಿಟ್ಟು, ಇನ್ನು ಯಾರ ಕಾಲು ನೋಡ್ಕೊಂಡು ಆ ಮಣೆ ಮೇಲೆ ಕೂರ್ತೀಯಪ್ಪಾ?"