ಎಲ್ಲೆದುರ್ಗದಲ್ಲಿ ಯಾರು ಮಲಗಬೇಕು?

ಎರಡು ರಾಜ್ಯಗಳ ಗಡಿಯಲ್ಲಿದ್ದ ಎಲ್ಲೆದುರ್ಗಕ್ಕೆ ಕೇತರಾಯ ಅರಸ. ಅವನಿಗೆ ಗೂಢಚಾರರ ಭಯ. ಒಂದು ಬೆಳಿಗ್ಗೆ ಡಂಗುರ ಹೊಡೆಸಿದ: "ಕೋಟೆಯೊಳಗೆ ಹುಟ್ಟಿದವರು ಮಾತ್ರ ಇನ್ನು ಕೋಟೆಯೊಳಗೆ ಮಲಗಬೇಕು. ಮಿಕ್ಕವರೆಲ್ಲ ಹೊರಗಿನ ಛತ್ರಕ್ಕೆ ಹೋಗಬೇಕು. ಮೀರಿ ಜಾಗ ಕೊಟ್ಟವರ ಮನೆ ಕೆಡವಲಾಗುವುದು."

"ಹೇಗಿದೆ ನನ್ನ ಆಜ್ಞೆ?" ಎಂದು ಮಂತ್ರಿ ಬೊಮ್ಮರಸನನ್ನು ಕೇಳಿದ. "ಇರುವೆಯೂ ನುಸುಳಲಾರದು!"

"ಇರುವೆಗಳು ಇಲ್ಲೇ ಹುಟ್ಟಿದವು ಪ್ರಭು, ಅವಕ್ಕೇನೂ ತೊಂದರೆಯಿಲ್ಲ," ಎಂದ ಬೊಮ್ಮರಸ.

ಮರುದಿನವೇ ಕಾವಲಿನವರು ಗುರವ್ವನೆಂಬ ಮುದುಕಿಯನ್ನು ಸಭೆಗೆ ಎಳೆದು ತಂದರು. ಪರವೂರಿನ ಬಳೆಗಾರನ ಹೆಂಡತಿಗೆ ಬೀದಿಯಲ್ಲೇ ಹೆರಿಗೆ ನೋವು ಬಂದಿತ್ತು. ಗುರವ್ವ ಒಳಗೆ ಕರೆದು ಹೆರಿಗೆ ಮಾಡಿಸಿ, ಬಾಣಂತಿಯನ್ನು ಅಲ್ಲೇ ಮಲಗಿಸಿದ್ದಳು.

"ಛತ್ರ ಇರಲಿಲ್ಲವೇನು?" ಅರಸ ಗುಡುಗಿದ.

"ಅದರ ಸೂರು ಸೋರ್ತದೆ ಬುದ್ಧೀ. ಹಸಿಬಾಣಂತಿನ ನೀರಲ್ಲಿ ಮಲಗಿಸಲಾ?"

ಬೊಮ್ಮರಸ ಮೆಲ್ಲಗೆ ಎದ್ದ. "ಪ್ರಭು, ಕೂಸು ಕೋಟೆಯೊಳಗೇ ಹುಟ್ಟಿದೆ. ಅದು ಇರಬಹುದೇ?"

"ಇರಬಹುದು."

"ಹೆತ್ತ ತಾಯಿ?"

"ಹೊರಗೆ! ಆಜ್ಞೆ ಅಂದರೆ ಆಜ್ಞೆ. ನಾಳೆ ಈ ಮುದುಕಿಯ ಮನೆ ಕೆಡವಿಸು."

ಗುರವ್ವ ಅಳಲಿಲ್ಲ, ಬೊಮ್ಮರಸನ ಮುಖ ನೋಡಿದಳು. ಅವನಿಗೆ ಆ ನೋಟ ಚುಚ್ಚಿತು. ಕೈಮುಗಿದು, "ಅಪ್ಪಣೆ. ಆಜ್ಞೆಯನ್ನು ಇಂದಿನಿಂದಲೇ ಅಕ್ಷರಶಃ ನಡೆಸುತ್ತೇನೆ," ಎಂದ.

ಸಂಜೆ ಅರಮನೆಯ ಬಾಗಿಲಿಗೆ ಪಲ್ಲಕ್ಕಿ ಬಂದು ನಿಂತಿತು. ಆಳುಗಳು ಅರಸನ ಹಾಸಿಗೆ ಸುತ್ತಿ ಹೊರಗೆ ತರುತ್ತಿದ್ದರು.

"ಇದೇನೋ ಬೊಮ್ಮರಸ?"

"ಛತ್ರದಲ್ಲಿ ತಮಗೆ ಜಾಗ ಮಾಡಿಸಿದ್ದೇನೆ ಪ್ರಭು. ಸೋರದ ಮೂಲೆ ಒಂದಿದೆ. ತಿಗಣೆಗಳೂ ಅಲ್ಲೇ ಸೇರಿಕೊಂಡಿವೆ, ಸ್ವಲ್ಪ ಹೊಂದಿಕೊಳ್ಳಬೇಕು."

"ನಾನು ಈ ದುರ್ಗದ ಅರಸ!"

"ಹೌದು ಪ್ರಭು. ಆದರೆ ತಾವು ಚೊಚ್ಚಲ ಮಗು. ಮಾತೃಶ್ರೀಯವರು ಹೆರಿಗೆಗೆ ತವರಿಗೆ ಹೋಗಿದ್ದರು. ತಾವು ಹುಟ್ಟಿದ್ದು ಅಜ್ಜನ ಮನೆಯಲ್ಲಿ."

ಅರಸನ ಕಣ್ಣು ಹಿಂದೆ ನಿಂತಿದ್ದ ಇನ್ನೊಂದು ಪಲ್ಲಕ್ಕಿಯ ಮೇಲೆ ಬಿತ್ತು.

"ರಾಣಿಯವರೂ ಹೊರಗಿನವರೇ, ಹಿಂದಿನ ಪಲ್ಲಕ್ಕಿ ಅವರದು. ಸೇನಾಪತಿಗಳೂ ಚೊಚ್ಚಲ ಮಗುವೇ ಅಂತೆ, ಗಂಟು ಕಟ್ಟುತ್ತಿದ್ದಾರೆ. ಊರಿನ ಸೊಸೆಯಂದಿರು ಆಗಲೇ ಹೆಬ್ಬಾಗಿಲು ದಾಟುತ್ತಿದ್ದಾರೆ."

"ಹಾಗಾದರೆ ಅರಮನೆಯಲ್ಲಿ ಉಳಿಯುವವರು ಯಾರಯ್ಯಾ?"

"ತಮ್ಮ ತಮ್ಮನವರು, ಮಾದರಾಯರು. ಎರಡನೆಯ ಹೆರಿಗೆ ಇಲ್ಲೇ ಆಯಿತಲ್ಲ. ಬೆಳಗಾಗುವವರೆಗೆ ಸಿಂಹಾಸನವನ್ನು ತಾವೇ ನೋಡಿಕೊಳ್ಳುತ್ತಾರಂತೆ. ಕೇಳಿದೆ, ಬಹಳ ಸಂತೋಷದಿಂದ ಒಪ್ಪಿದರು."

ಅರಸ ಆಳುಗಳ ಕೈಯಿಂದ ಹಾಸಿಗೆ ಕಿತ್ತುಕೊಂಡು ತಾನೇ ಒಳಗೆ ಹೊತ್ತುಕೊಂಡು ಹೋದ. ಅರ್ಧ ದಾರಿಯಲ್ಲಿ ನಗು ತಡೆಯಲಾಗದೆ ಹಾಸಿಗೆಯ ಮೇಲೇ ಕುಸಿದು ಕೂತ.

ದೀಪ ಹಚ್ಚುವ ಮೊದಲೇ ಡಂಗುರದವನು ಮತ್ತೆ ಓಡಿದ: ಎಲ್ಲರೂ ಎಲ್ಲಿ ಬೇಕಾದರೂ ಮಲಗಬಹುದು, ಛತ್ರಕ್ಕೆ ಹೊಸ ಸೂರು ಬರುತ್ತದೆ, ಗುರವ್ವನೇ ಅದರ ಯಜಮಾನಿ.

"ನಿನಗೇನು ಬಹುಮಾನ ಬೇಕು?" ಎಂದು ಅರಸ ಬೊಮ್ಮರಸನನ್ನು ಕೇಳಿದ.

"ಮಾದರಾಯರಿಗೆ ಈ ಸುದ್ದಿಯನ್ನು ತಾವೇ ತಿಳಿಸಿದರೆ ಸಾಕು ಪ್ರಭು. ಅವರು ಆಗಲೇ ಕಿರೀಟ ಹಾಕಿ ನೋಡುತ್ತಿದ್ದಾರೆ."