ಸಕ್ಕೂಬಾಯಿಯ ಹೊಲಿಗೆ ಡಬ್ಬಿ

ಬ್ಯಾಡಗಿಯ ಟೈಲರ್ ಸಕ್ಕೂಬಾಯಿಯ ಬಳಿ ಅಜ್ಜಿಯ ಕಾಲದ ಹೊಲಿಗೆ ಮಷೀನಿತ್ತು. ಜೊತೆಗೊಂದು ತಗಡಿನ ಡಬ್ಬಿ. ಅದರೊಳಗೆ ಬಟ್ಟೆ ಒತ್ತಿಹಿಡಿಯಲು ಸೂಜಿಯ ಕೆಳಗೆ ಕೂಡಿಸುವ ಪುಟ್ಟ ಲೋಹದ ಪಾದಗಳು: ನೆರಿಗೆಗೊಂದು, ಲೇಸಿಗೊಂದು. ಒಂದು ಖಾನೆ ಮಾತ್ರ ಖಾಲಿ.

ಅವಳ ಬಾಡಿಗೆ ಅಂಗಡಿಯ ಮಾಲೀಕ ಇನಾಮದಾರರಿಗೆ ಇಂಥ ಹಳೇ ಸಾಮಾನು ಕೂಡಿಹಾಕುವ ಹುಚ್ಚು. ಒಂದು ದಿನ ಬಂದವರೇ ಬೆತ್ತ ಊರಿ ನಿಂತರು.

"ಆ ಖಾಲಿ ಖಾನೆಯ ಪಾದ ನನ್ನ ಕಪಾಟಿನಾಗೈತಿ. ಸೆಟ್ ಒಡೀಬಾರ್ದು, ಅದು ನಮ್ಮಂಥವರ ನೇಮ. ನಾಳೆ ಡಬ್ಬಿ ನಮ್ಮ ಮನೀಗೆ ಬರಬೇಕು. ಇಲ್ಲಾಂದ್ರ ಅಂಗಡಿ ಖಾಲಿ ಮಾಡು."

ಮರುದಿನ ಇನಾಮದಾರರ ಮನೆಗೆ ಡಬ್ಬಿ ಬಂತು. ಹಿಂದೆಯೇ ಕೈಗಾಡಿಯಲ್ಲಿ ಮಷೀನು ಬಂತು. ಅದರ ಹಿಂದೆ ಸ್ಟೂಲು ಹಿಡಿದು ಸಕ್ಕೂಬಾಯಿ.

"ಇದೇನಿದು?"

"ಸೆಟ್ ಒಡೀಬಾರ್ದಲ್ರೀ ಸಾಹೇಬ್ರ! ಡಬ್ಬಿ ಬಿಟ್ಟು ಮಷೀನಿಲ್ಲ, ಮಷೀನು ಬಿಟ್ಟು ನಾನಿಲ್ಲ. ಗಿರಾಕಿಗಳು ಹಿಂದಿನಿಂದ ಬರಾಕತ್ತಾರ."

ಮಧ್ಯಾಹ್ನಕ್ಕೆ ಪಡಸಾಲೆ ತುಂಬಿತು. ಗಾಜಿನ ಕಪಾಟಿಗೆ ಅಳತೆಯ ಜಂಪರುಗಳು ನೇತುಬಿದ್ದವು. ಒಬ್ಬಾಕೆ ಇನಾಮದಾರರನ್ನೇ ಕೇಳಿದಳು, "ಅಜ್ಜಾರ, ಗುಂಡಿ ಹಚ್ಚೋರು ನೀವೇನ್ರಿ?"

ಬೈಯಲು ಎದ್ದವರು ಅಲ್ಲೇ ನಿಂತರು. ಮೂವತ್ತು ವರ್ಷ ಇಂಥ ಪಾದಗಳನ್ನು ಕೂಡಿಹಾಕಿದ್ದರು, ಒಂದಾದರೂ ಕೆಲಸ ಮಾಡಿದ್ದನ್ನು ನೋಡಿರಲಿಲ್ಲ. ಸಕ್ಕೂಬಾಯಿಯ ಮಷೀನಿನಲ್ಲಿ ಪುಟ್ಟ ಪಾದದಡಿ ಲಂಗದ ಮೇಲೆ ನೆರಿಗೆ ಸಾಲಾಗಿ ಬೀಳುತ್ತಿತ್ತು. ಕುರ್ಚಿ ಹತ್ತಿರ ಎಳೆದುಕೊಂಡು ಸಂಜೆಯವರೆಗೂ ಕೂತುಬಿಟ್ಟರು.

"ಸೋತ್ನವಾ. ಎಲ್ಲಾ ವಾಪಸ್ ತಗೊಂಡು ಹೋಗು" ಎಂದರು ಕೊನೆಗೆ.

ಸಕ್ಕೂಬಾಯಿ ಡಬ್ಬಿ ಮುಚ್ಚಲು ಹೋದಳು.

"ತಡಿ." ಇನಾಮದಾರರು ಕಪಾಟಿನ ಬೀಗ ತೆಗೆದರು. ಒಳಗಿದ್ದ ಮಷೀನಿನ ಪಾದವನ್ನು ಧೋತರದ ಅಂಚಿನಿಂದ ಒರೆಸಿ ಆ ಖಾಲಿ ಖಾನೆಯಲ್ಲಿಟ್ಟರು.

"ನೇಮ ಅಂದ್ರ ನೇಮ. ಸೆಟ್ ಒಡೀಬಾರ್ದು."